ಮೊಝಾಂಬಿಕ್ ಯಾವ ರೋಡಿಗೆ ಬರ್ತದ?

ನಮ್ಮ ಓಣಿಯ ಕಾಕಾ ಕಲಬುರಗಿಯ ಕಪನೂರಿನ ಒಂದು ದಾಲ್ ಮಿಲ್‌ನಲ್ಲಿ ಇಪ್ಪತ್ತೆರಡು ವರ್ಷ ಚೀಲ ಹೊತ್ತವರು. ಮೊನ್ನೆ ಗಂಜ್ ಮಾರ್ಕೆಟಿನ ಚಹಾದಂಗಡಿಯಲ್ಲಿ ಸಿಕ್ಕರು. ಬಸಿಗೆ ಚಹಾ ಸುರಿದುಕೊಳ್ಳುತ್ತಾ ಕೇಳಿದರು:

"ಮಾಸ್ತರ, ಮೊಝಾಂಬಿಕ್ ಅಂದ್ರ ಯಾವ ಕಡಿ ಬರ್ತದರಿ? ಸೇಡಂ ರೋಡಿಗೋ, ಆಳಂದ ರೋಡಿಗೋ?"

"ಯಾಕ್ ಕಾಕಾ?"

"ಸಾವಕಾರ್ರು ಅಂದ್ರು, ಮೊಝಾಂಬಿಕ್ ಬಂದದ, ನಾಳಿಂದ ನೀ ಬರಬ್ಯಾಡ ಅಂತ. ಹೋಗಿ ಒಂದು ಮಾತು ಕೇಳಿ ಬರೂಣು ಅಂತ."

ಅದು ಆಫ್ರಿಕಾದಲ್ಲಿದೆ, ನಡೆದು ಹೋಗುವ ದಾರಿ ಅಲ್ಲ ಅಂದೆ. 2016ರಲ್ಲಿ ನಮ್ಮ ಸರ್ಕಾರ ಆ ದೇಶದ ಜೊತೆ ತೊಗರಿಗೆ ಒಪ್ಪಂದ ಮಾಡಿಕೊಂಡಿತು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಬಾಗಿಲನ್ನೇ ಪೂರ್ತಿ ತೆಗೆಯಿತು. ಅದಕ್ಕೊಂದು ಗಡುವು ಇತ್ತು. ಗಡುವು ಹತ್ತಿರ ಬಂದಾಗಲೆಲ್ಲ ವಿಸ್ತರಣೆ. ಮತ್ತೆ ಗಡುವು, ಮತ್ತೆ ವಿಸ್ತರಣೆ. ಸರ್ಕಾರದಲ್ಲಿ ಟೈಮಿಗೆ ಸರಿಯಾಗಿ ಆಗುವ ಕೆಲಸ ಒಂದಾದರೂ ಇದೆಯಾ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಪೇಟೆ ಮಂದಿಯ ಸಾಂಬಾರು ತುಟ್ಟಿ ಆಗಬಾರದು, ಅದೂ ನ್ಯಾಯವೇ ಅಲ್ವಾ? ಅಂದಹಾಗೆ ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಮಾಲು ಅನ್ನುವ ಸರ್ಕಾರಿ ಗುರುತು, ಬಂತು. ಬೇಳೆಗೆ ಗುರುತು ಸಿಕ್ಕಿತು. ಹೊತ್ತವರಿಗೆ ಮಾತ್ರ ಮಿಲ್‌ನ ಒಂದು ಗುರುತಿನ ಚೀಟಿಯೂ ಇಲ್ಲ.

ಕಾಕಾನ ಮುಖ ನೋಡಲಾಗದೆ ನಾನು ಅಮೆರಿಕದ ಕಥೆ ತೆಗೆದೆ. ಅದು ನಾನು ಮಾಡಿದ ತಪ್ಪು.

ಪರದೇಶದ ಮಾಲು ಬಂದು ಕಾರ್ಖಾನೆ ಮುಚ್ಚಿದರೆ ಅಲ್ಲಿನ ಕೆಲಸಗಾರರಿಗೆ ಸಹಾಯ ಮಾಡಲಿಕ್ಕೇ ಒಂದು ಸ್ಕೀಮು ಇತ್ತು. 1962ರಲ್ಲಿ, ಕೆನಡಿ ಕಾಲದಲ್ಲಿ ಬಂದದ್ದು. ಶುರುವಾದ ಮೇಲೆ ಏಳು ವರ್ಷ ಒಬ್ಬೇ ಒಬ್ಬ ಕಾರ್ಮಿಕನಿಗೂ ಮಂಜೂರಾಗಲಿಲ್ಲ! ಸರ್ಕಾರ ಸುಂಕ ಇಳಿಸಿದ್ದರಿಂದಲೇ ಆ ಮಾಲು ಬಂತು, ಆ ಮಾಲಿನಿಂದಲೇ ಕೆಲಸ ಹೋಯಿತು, ಇವೆರಡನ್ನೂ ತೋರಿಸಬೇಕಿತ್ತಂತೆ. ಇದನ್ನು ಓದಿದಾಗ ನನಗೆ ಅಮೆರಿಕ ಒಮ್ಮೆಲೇ ತವರುಮನೆ ಅನ್ನಿಸಿತು. 1974ರಲ್ಲಿ ಷರತ್ತು ಸಡಿಲ ಮಾಡಿದರು. ಆಮೇಲೆ ಟ್ರೇನಿಂಗು, ಭತ್ಯೆ, ಬೇರೆ ಊರಿಗೆ ಹೋದರೆ ಸಾಮಾನು ಸಾಗಿಸುವ ಖರ್ಚು, ಎಲ್ಲಾ ಕೈಗೆ ಸಿಗತೊಡಗಿತು. ಐವತ್ತು ದಾಟಿದವರು ಕಡಿಮೆ ಪಗಾರದ ಕೆಲಸ ಹಿಡಿದರೆ, ಹಳೇ ಪಗಾರಕ್ಕೂ ಹೊಸದಕ್ಕೂ ಇರುವ ಫರಕಿನಲ್ಲಿ ಅರ್ಧ, ಎರಡು ವರ್ಷದ ತನಕ. ಆದರೂ ಅಲ್ಲಿನ ಕಾರ್ಮಿಕ ಸಂಘದವರು ಇದಕ್ಕೆ ಇಟ್ಟ ಅಡ್ಡಹೆಸರು ಮಣ್ಣು ಕೊಡುವ ವಿಮೆ. ಜೀವ ಉಳಿಸಲಿಕ್ಕಲ್ಲ, ಹೆಣ ಎತ್ತುವ ಖರ್ಚಿಗೆ ಅಂತ.

"ಅರ್ಜಿ ಹೆಂಗ್ ಹಾಕ್ತಾರ್ರಿ?" ಕಾಕಾ ಬಸಿ ಕೆಳಗಿಟ್ಟರು.

"ಒಂದೇ ಕಡೆಯ ಮೂವರು ಕೆಲಸಗಾರರು ಸಹಿ ಹಾಕಿದರೆ ಆಯಿತು."

"ಮೂರು ಮಂದಿ?" ಬೆರಳು ಮಡಚಿದರು. "ಒಬ್ಬಾಂವ ಪುಣೆಕ್ ಹೋಗ್ಯಾನ, ಗೌಂಡಿ ಕೈಯಾಗ. ಇನ್ನೊಬ್ಬಾಂವ ಬೆಂಗಳೂರಾಗ ವಾಚ್‌ಮನ್. ಉಳದಾಂವ ನಾ ಒಬ್ನೇ. ಮೂರು ಸಲ ಹೆಬ್ಬಟ್ಟು ಒತ್ತಿದ್ರ ನಡೀತದೇನ್ರಿ?"

ಇಂಥ ಸ್ಕೀಮು ಕಲಬುರಗಿಗೆ ಬಂದರೆ ಹೇಗಿರುತ್ತೆ ಅಂತ ನಾನು ಸುಮ್ನೆ ಕಲ್ಪಿಸಿಕೊಂಡೆ. ಕಾಕಾ ಕೌಂಟರಿನ ಮುಂದೆ ನಿಂತಿದ್ದಾರೆ. ಸಾಹೇಬರು ಕನ್ನಡಕ ಏರಿಸಿ ಕೇಳುತ್ತಾರೆ:

"ನಿನ್ನ ಕೆಲಸ ತಗೊಂಡವರು ಮೊಝಾಂಬಿಕ್‌ನವರೋ, ಮ್ಯಾನ್ಮಾರಿನವರೋ? ಎರಡಕ್ಕೂ ಬೇರೆ ಬೇರೆ ಫಾರಂ."

"ಗೊತ್ತಿಲ್ರಿ. ಕಾಳಿನ ಮ್ಯಾಲ ಬರೆದಿರಲಿಲ್ಲ."

"ಮಿಲ್‌ನಾಗ ಸಾರ್ಟೆಕ್ಸ್ ಮಷೀನ್ ಅದ ಏನು?"

"ಅದರಿ. ಕಲ್ಲು ಆರಿಸೋ ಹೆಣ್ಮಕ್ಕಳನ್ನ ಬಿಡಿಸಿ ತಂದಾರ."

"ಹಂಗಾದ್ರ ಅವರ ಕೆಲಸ ಹೋಗಿದ್ದು ಮಷೀನಿನಿಂದ. ಅದು ಪರದೇಶದ ವ್ಯಾಪಾರ ಅಲ್ಲ. ರಿಜೆಕ್ಟ್."

"ಆ ಮಷೀನು ಪರದೇಶದಿಂದ ಬಂದಿದ್ರ?"

ಸಾಹೇಬರು ಪೆನ್ನು ಕೆಳಗಿಡುತ್ತಾರೆ. ಸುತ್ತೋಲೆಯಲ್ಲಿ ಇದು ಇಲ್ಲ. ಬೆಂಗಳೂರಿಗೆ ಬರೆದು ಕೇಳಬೇಕು. ಬೆಂಗಳೂರಿನವರು ದಿಲ್ಲಿಗೆ ಬರೆಯುತ್ತಾರೆ. ಅಷ್ಟರಲ್ಲಿ ಆಮದಿಗೆ ಇನ್ನೊಂದು ವಿಸ್ತರಣೆ ಆಗಿರುತ್ತದೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ, ಸುಳ್ಳು ಹೇಳಬಾರದು. 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿದೆ. ಕೆಲಸ ಹೋದ ಕಾರ್ಮಿಕನಿಗೆ 90 ದಿನದವರೆಗೆ ಭತ್ಯೆ. ಮೊದಲು ಸರಾಸರಿ ಕೂಲಿಯ ಶೇಕಡಾ 25 ಇತ್ತು, ಕೊರೊನಾ ಕಾಲದಲ್ಲಿ 50 ಮಾಡಿದರು. ಅದು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ, ನಂಬರ್ ಇದ್ದವರಿಗೆ. ಕಾಕಾನಿಗೆ ಕೂಲಿ ಕೊಟ್ಟದ್ದು ಚೀಲದ ಲೆಕ್ಕದಲ್ಲಿ, ಸಂಜೆ, ಕೈಗೆ. ಕಾಗದದ ಪ್ರಕಾರ ಅವರು ಇಪ್ಪತ್ತೆರಡು ವರ್ಷ ಎಲ್ಲೂ ಕೆಲಸ ಮಾಡಿಲ್ಲ. ಮಾಡದ ಕೆಲಸ ಹೋಗುವುದಾದರೂ ಹೇಗೆ?

"ಆತ್ ಬಿಡ್ರಿ," ಅಂದರು ಕಾಕಾ. "ಅಮೆರಿಕದವ್ರಾದ್ರೂ ಆರಾಮ್ ಇರ್ಲಿ."

ಉಳಿದದ್ದನ್ನೂ ಹೇಳಬೇಕಾಯಿತು. ಆ ಸ್ಕೀಮಿನ ಅವಧಿ 2022ಕ್ಕೆ ಮುಗಿಯಿತು. ಅಲ್ಲಿನ ಸಂಸತ್ತು ವಿಸ್ತರಿಸಲಿಲ್ಲ. ಆ ವರ್ಷದ ಜುಲೈ 1ರಿಂದ ಹೊಸ ಅರ್ಜಿ ಮಂಜೂರು ಮಾಡುವ ಹಾಗಿಲ್ಲ. ಮುಂದೆ 2025ರಲ್ಲಿ ಅದೇ ದೇಶ ಜಗತ್ತಿಗೆಲ್ಲ ಸುಂಕ ಹಾಕಿತು, ನಮ್ಮ ಮಾಲಿಗೆ ಶೇಕಡಾ 50. ಎಲ್ಲಾ ತಮ್ಮ ಕಾರ್ಮಿಕರ ಸಲುವಾಗಿಯಂತೆ.

ಕಾಕಾ ಜೋರಾಗಿ ನಕ್ಕರು. ಅಮೆರಿಕದವನೂ ತನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದಾನೆ ಅನ್ನೋದು ಅವರಿಗೆ ಭಾಳ ಹಿಡಿಸಿತು. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಅಷ್ಟರಲ್ಲಿ ಹೊರಗೆ ಒಂದು ಲಾರಿ ಬಂದು ನಿಂತಿತು. ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಈಗ ಗಂಜಿನಲ್ಲೇ ಬಿಡಿ ಹಮಾಲಿ, ಲಾರಿ ಬಂದರೆ ಉಂಟು. ಮೊದಲ ಚೀಲ ಬೆನ್ನಿಗೆ ಬಿತ್ತು. ಅದರ ಮೇಲೆ ಯಾವುದೋ ಪರದೇಶದ ಅಕ್ಷರ ಇದ್ದವು.

"ಮಾಸ್ತರ," ಬಗ್ಗಿದಲ್ಲಿಂದಲೇ ಕೂಗಿದರು, "ಒಂದಿಷ್ಟು ಓದಿ ಹೇಳ್ರಿ, ಇದೇ ಏನ್ ಮೊಝಾಂಬಿಕ್?"