ಪ್ರಜ್ಞೆಗೊಂದು ಹಣೆಪಟ್ಟಿ

ಪ್ರಜ್ಞೆ ಅಂದರೇನು ಎಂಬುದಕ್ಕೆ 200ಕ್ಕೂ ಹೆಚ್ಚು ಸಿದ್ಧಾಂತಗಳಿವೆ. ಅವುಗಳಲ್ಲಿ ಹೆಚ್ಚಿನವು ಒಂದಕ್ಕೊಂದು ಮುಖ ಕೊಟ್ಟು ಮಾತಾಡುವುದಿಲ್ಲ. ಅದನ್ನು ಅಳೆಯುವ ಯಂತ್ರ ಮಾತ್ರ, ಹಣೆಗೆ ಕಟ್ಟುವ ಪಟ್ಟಿಯ ರೂಪದಲ್ಲಿ, ಆಗಲೇ ಮಾರಾಟಕ್ಕಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಹಳೆಯ ಕತೆ. ಈಗ ಆ ಕುಲಾವಿಗೆ ಬ್ಲೂಟೂತ್ ಕೂಡ ಇದೆ. ಪಟ್ಟಿಯನ್ನು ಹಣೆಗೆ ಕಟ್ಟಿ, ಆ್ಯಪ್ ತೆರೆದು, ಕಣ್ಣು ಮುಚ್ಚಿ ಮೂರು ನಿಮಿಷ ಅಲುಗದೆ ಕೂತರಾಯಿತು: ‘ನಿಮ್ಮ ಪ್ರಜ್ಞಾಸ್ತರ 87’. 87 ಏನು? ಗ್ರಾಮೋ, ಲೀಟರೋ, ಶೇಕಡಾವೋ? ಕೇಳಬಾರದು. ಕೇಳಿದಿರೆಂದರೆ ನಿಮ್ಮ ಸ್ತರ ಇನ್ನೂ ಏರಿಲ್ಲ ಎಂದೇ ಅರ್ಥ.

ಪಟ್ಟಿಯೊಳಗೆ ಇರುವುದು ಸಾಮಾನ್ಯವಾಗಿ ನಾಲ್ಕು ಎಲೆಕ್ಟ್ರೋಡ್: ಹಣೆಯ ಮೇಲೆ ಎರಡು, ಕಿವಿಯ ಹಿಂದೆ ಎರಡು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಆಸ್ಪತ್ರೆಯ ಇಇಜಿಯಲ್ಲಾದರೆ ಇಡೀ ತಲೆಗೆ ಇಪ್ಪತ್ತರಷ್ಟು. ಅದಕ್ಕೂ ಮೊದಲು ಚರ್ಮ ಉಜ್ಜಬೇಕು, ಪೇಸ್ಟ್ ಹಚ್ಚಬೇಕು, ಪ್ರತಿ ಎಲೆಕ್ಟ್ರೋಡಿನ ವಿದ್ಯುತ್ ರೋಧವನ್ನೂ 5 ಕಿಲೋ ಓಮ್‌ಗಿಂತ ಕೆಳಗೆ ತರಬೇಕು. ಏಕೆಂದರೆ ತಲೆಬುರುಡೆ ದಾಟಿ ಹೊರಬರುವ ಮಿದುಳಿನ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟ್ ಅಷ್ಟೇ. ಒಮ್ಮೆ ರೆಪ್ಪೆ ಬಡಿದರೆ ಹಣೆಯಲ್ಲಿ 100 ಮೈಕ್ರೋವೋಲ್ಟ್ ದಾಟುತ್ತದೆ. ದವಡೆ ಬಿಗಿದರಂತೂ 20 ಹರ್ಟ್ಸ್‌ನಿಂದ ಮೇಲಕ್ಕೆಲ್ಲ ಸ್ನಾಯುವಿನದೇ ಗದ್ದಲ. ಜಾಹೀರಾತು ‘ಜ್ಞಾನೋದಯದ ಅಲೆ’ ಎಂದು ಹೊಗಳುವ, ಗಾಮಾ ಎಂಬ ಮಿದುಳಿನ ಅಲೆಯ ಜಾಗ 30 ಹರ್ಟ್ಸ್‌ನಿಂದ ಮೇಲೆ, ಅಂದರೆ ಈ ಗದ್ದಲದ ನಟ್ಟನಡುವೆ. ಹಾಗಾಗಿ ಗಾಮಾ ನೋಡಿ ಅಂಕ ಕೊಡುವ ಆ್ಯಪ್‌ನಲ್ಲಿ ಹಲ್ಲು ಕಚ್ಚಿದರೆ ಸಮಾಧಿ ಸಿದ್ಧಿಸುತ್ತದೆ. ಆಲ್ಫಾ ನೋಡಿ ಅಂಕ ಕೊಡುವುದಾದರೆ ಕೆಲಸ ಇನ್ನೂ ಹಗುರ: ಕಣ್ಣು ಮುಚ್ಚಿದರೆ ಸಾಕು, 8ರಿಂದ 13 ಹರ್ಟ್ಸ್‌ನ ಅಲೆ ತಾನಾಗಿ ಏಳುತ್ತದೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ ಇದನ್ನು 1929ರಲ್ಲೇ ಪ್ರಕಟಿಸಿದ್ದ. ಆ ಅಲೆ ಜೋರಾಗಿ ಏಳುವುದು ತಲೆಯ ಹಿಂಭಾಗದಲ್ಲಿ, ಪಟ್ಟಿಯ ಎಲೆಕ್ಟ್ರೋಡ್ ತಲುಪದ ಕಡೆ ಎಂಬುದು ಸಣ್ಣ ವಿಷಯ, ಬಿಡಿ.

ಯಂತ್ರ ಏನಾದರೂ ತೋರಿಸಿತು ಎಂದಮಾತ್ರಕ್ಕೆ ಒಳಗೆ ಯಾರೋ ಇದ್ದಾರೆ ಎಂದಲ್ಲ. 1970ರ ದಶಕದಲ್ಲಿ ಏಡ್ರಿಯನ್ ಅಪ್ಟನ್ ಎಂಬ ನರವೈದ್ಯರು ಒಂದು ಮುದ್ದೆ ಜೆಲ್ಲಿಗೆ ಇಇಜಿ ತಂತಿ ಅಂಟಿಸಿದರು. ಸುತ್ತಲಿನ ಉಪಕರಣಗಳ ಗದ್ದಲವೆಲ್ಲ ಸೇರಿ ಜೆಲ್ಲಿಯೂ ಅಲೆ ಎಬ್ಬಿಸಿತು. 2009ರಲ್ಲಿ ನರವಿಜ್ಞಾನಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು, ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ‘ಇವರಿಗೆ ಈಗ ಏನನಿಸುತ್ತಿದೆ ಹೇಳು’ ಎಂದು ಕೇಳಿದರು. ಮೀನು ಹೇಳಿತು! ಯಂತ್ರದ ಚಿತ್ರದಲ್ಲಿನ 8,064 ಪುಟ್ಟ ಘನಗಳಲ್ಲಿ 16 ಬೆಳಗಿದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇಲ್ಲಿಗೇ ನಿಂತು ‘ಸಾಲ್ಮನ್‌ನ ಕರುಣಾಕೇಂದ್ರ ಪತ್ತೆ’ ಎಂದು ಸುದ್ದಿ ಬರೆಯುತ್ತಿದ್ದರು. ಬೆನೆಟ್ ಲೆಕ್ಕ ಹಾಕಿದರು. ಸಾವಿರಕ್ಕೊಂದು ತಪ್ಪಿಗೆ ಅವಕಾಶ ಕೊಟ್ಟು ಎಂಟು ಸಾವಿರ ಸಲ ಪರೀಕ್ಷಿಸಿದರೆ ಬರೀ ಅದೃಷ್ಟದಿಂದಲೇ ಎಂಟು ಘನ ಬೆಳಗಬೇಕು. ಇಷ್ಟೊಂದು ಸಲ ಪರೀಕ್ಷಿಸಿದ್ದಕ್ಕೆ ತಕ್ಕ ತಿದ್ದುಪಡಿ ಮಾಡಿದ ಕೂಡಲೇ ಹದಿನಾರೂ ಆರಿದವು, ಮೀನು ಮತ್ತೆ ಸತ್ತಿತು. ಅವರಿಗೆ 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಂತು.

ಇನ್ನೂ ಹಿಂದಕ್ಕೆ ಹೋದರೆ 1907ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ವೈದ್ಯ ಡಂಕನ್ ಮೆಕ್‌ಡೂಗಲ್ ಸಾಯುತ್ತಿದ್ದವರನ್ನು ಮಂಚಸಮೇತ ತಕ್ಕಡಿಗೇರಿಸಿದ್ದ. ಆರು ಮಂದಿಯಲ್ಲಿ ಒಬ್ಬರ ತೂಕ ಸುಮಾರು 21 ಗ್ರಾಂ ಇಳಿಯಿತು, ಉಳಿದವರ ಲೆಕ್ಕ ಹೊಂದಲಿಲ್ಲ. ಹೊಂದಿದ ಒಂದೇ ಸಂಖ್ಯೆಯನ್ನು ಜಗತ್ತು ಇಂದಿಗೂ ಆತ್ಮದ ತೂಕ ಎನ್ನುತ್ತದೆ. ಹದಿನೈದು ನಾಯಿಗಳನ್ನೂ ತೂಗಿದ, ಏನೂ ಕಡಿಮೆಯಾಗಲಿಲ್ಲ. ತಕ್ಕಡಿಯ ಮೇಲೆ ಅವನಿಗೆ ಅನುಮಾನ ಬರಲಿಲ್ಲ, ನಾಯಿಗಳ ಮೇಲೆ ಬಂತು.

ವಿದ್ವಾಂಸರ ಮನೆಯ ದೋಸೆಯೂ ತೂತೇ. ಪ್ರಜ್ಞೆ ಎಂದರೆ ಬಿಡಿಸಲಾಗದಂತೆ ಹೆಣೆದ ಮಾಹಿತಿ ಎನ್ನುವ, ನರವಿಜ್ಞಾನಿ ಜೂಲಿಯೊ ಟೊನೋನಿ 2004ರಲ್ಲಿ ಮುಂದಿಟ್ಟ ಸಂಯೋಜಿತ ಮಾಹಿತಿ ಸಿದ್ಧಾಂತದಲ್ಲಿ ಪ್ರಜ್ಞೆಯ ಅಳತೆಗೆ ‘ಫೈ’ ಎಂದು ಹೆಸರು. ಅದನ್ನು ಲೆಕ್ಕ ಹಾಕಲು ನರಕೋಶಗಳ ಜಾಲವನ್ನು ಎಲ್ಲ ಬಗೆಯಲ್ಲೂ ಒಡೆದು ನೋಡಬೇಕು. ಬರೀ 302 ನರಕೋಶವಿರುವ ಒಂದು ದುಂಡುಹುಳುವಿನ ಜಾಲವನ್ನು ಎರಡು ಭಾಗ ಮಾಡುವ ಬಗೆಗಳೇ 4ರ ಮುಂದೆ 90 ಸೊನ್ನೆಯಷ್ಟು; ಕಾಣುವ ವಿಶ್ವದ ಪರಮಾಣುಗಳೆಲ್ಲ ಸೇರಿದರೂ 1ರ ಮುಂದೆ ಸುಮಾರು 80 ಸೊನ್ನೆ. ಹುಳುವಿನ ಲೆಕ್ಕವೇ ಮುಗಿಯದಿರುವಾಗ ನಿಮ್ಮ 8,600 ಕೋಟಿ ನರಕೋಶಗಳ ಲೆಕ್ಕವನ್ನು ಆ್ಯಪ್ ಮೂರು ನಿಮಿಷದಲ್ಲಿ ಮುಗಿಸುತ್ತದೆ. (‘ಕ್ವಾಂಟಂ’ ಎಂಬ ಒಗ್ಗರಣೆಯೂ ಉಂಟು. ಪ್ರಜ್ಞೆ ನರಕೋಶದ ಸೂಕ್ಷ್ಮನಾಳಗಳಲ್ಲಿ ಹುಟ್ಟುತ್ತದಂತೆ. ಅವು ಪಿತ್ತಜನಕಾಂಗದ ಕೋಶಗಳಲ್ಲೂ ಇವೆ. ಅದು ಮಾತ್ರ ಈತನಕ ಯಾವ ಧ್ಯಾನ ಶಿಬಿರವನ್ನೂ ನಡೆಸಿಲ್ಲ.)

ಆದರೂ ವಿಜ್ಞಾನಿಗಳ ಪರವಾಗಿ ಒಂದು ಮಾತು. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕೋಚ್, ಇನ್ನು 25 ವರ್ಷದಲ್ಲಿ ಪ್ರಜ್ಞೆಯ ನರಮೂಲ ಸ್ಪಷ್ಟವಾಗಿ ಸಿಗುತ್ತದೆ ಎಂದು ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಜೊತೆ ವೈನಿನ ಬಾಜಿ ಕಟ್ಟಿದ್ದರು. 2023ರಲ್ಲಿ ನ್ಯೂಯಾರ್ಕ್‌ನ ವೇದಿಕೆ ಹತ್ತಿ ‘ಸೋತೆ’ ಎಂದು ವೈನ್ ಕೊಟ್ಟರು. ಪಟ್ಟಿ ಮಾರುವವರು ಬಾಜಿ ಕಟ್ಟುವುದಿಲ್ಲ, ಚಂದಾ ಕಟ್ಟಿಸಿಕೊಳ್ಳುತ್ತಾರೆ.

ಅಳತೆ ನಿಜಕ್ಕೂ ಬೇಕಾಗಿರುವುದು ಬೇರೆ ಕಡೆ: ಮಿದುಳಿಗೆ ಪೆಟ್ಟಾಗಿ ಕಣ್ಣು ತೆರೆದರೂ ಮಾತಾಡದೆ ಮಲಗಿರುವವರ ಪಕ್ಕದಲ್ಲಿ. 2009ರ ಒಂದು ಅಧ್ಯಯನದಲ್ಲಿ, ವೈದ್ಯರು ಅರಿವೇ ಇಲ್ಲ ಎಂದು ಒಮ್ಮತದಿಂದ ಹೇಳಿದ್ದ 44 ಮಂದಿಯನ್ನು ಕೋಮಾ ರಿಕವರಿ ಸ್ಕೇಲ್ ಎಂಬ ಮಾಪಕದಿಂದ ಮತ್ತೆ ನೋಡಿದಾಗ 18 ಮಂದಿಯಲ್ಲಿ ಅರಿವಿನ ಗುರುತು ಸಿಕ್ಕಿತು. ಈ ಮಾಪಕದ ಒಟ್ಟು ಅಂಕ 23. ಅದರ ಸಲಕರಣೆಗಳಲ್ಲಿ ಬಲು ಮುಖ್ಯವಾದದ್ದು ಒಂದು ಕೈಗನ್ನಡಿ. ರೋಗಿಯ ಮುಖದಿಂದ 10–15 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ 45 ಡಿಗ್ರಿಯಷ್ಟು ನಿಧಾನವಾಗಿ ಸರಿಸಬೇಕು. ಯಾವುದಾದರೂ ಒಂದು ದಿಕ್ಕಿನಲ್ಲಿ ಎರಡು ಸಲ ನೋಟ ತಪ್ಪದೆ ಹಿಂಬಾಲಿಸಿದರೆ ಲೆಕ್ಕಕ್ಕೆ ಬರುತ್ತದೆ. ಕನ್ನಡಿಯೇ ಏಕೆಂದರೆ, ಬೇರೆ ವಸ್ತುವನ್ನಾಗಲಿ ಎದುರಿಗಿರುವವರನ್ನಾಗಲಿ ಹಿಂಬಾಲಿಸದ ಕಣ್ಣು ತನ್ನ ಮುಖವನ್ನು ಹಿಂಬಾಲಿಸುವುದುಂಟು. ಪರೀಕ್ಷೆ ಕೆಡುವುದೂ ಸಣ್ಣ ಕಾರಣಗಳಿಗೇ: ನಿದ್ರೆಯ ಔಷಧಿ ಇಳಿಯುವ ಮುಂಚೆ ನೋಡುವುದು, ಜೋತ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿಯಲು ಮರೆಯುವುದು, ಒಂದೇ ಸಲ ನೋಡಿ ಬರೆದುಬಿಡುವುದು. ಅರಿವು ಬೆಳಗ್ಗೆ ಇದ್ದು ಸಂಜೆಗೆ ಮಸುಕಾಗಬಹುದು. ಅದಕ್ಕೇ ಎರಡು ವಾರದೊಳಗೆ ಕನಿಷ್ಠ ಐದು ಸಲ ಪರೀಕ್ಷಿಸಬೇಕು.

ಅಂದಹಾಗೆ, ಆ್ಯಪ್ ಹೇಳಿದಂತೆ ಕಣ್ಣು ಮುಚ್ಚಿ, ಅಲುಗದೆ ಕೂತು 87 ಗಳಿಸಿದವರ ಮುಂದೆ ಇದೇ ಕನ್ನಡಿ ಹಿಡಿದರೆ, ನೋಟದ ವಿಭಾಗದಲ್ಲಿ ಅವರಿಗೆ ಸಿಗುವ ಅಂಕ ಸೊನ್ನೆ.