ಸಂಬಳ ಆಮೇಲೆ, ಮೊದಲು ಫೀಸು ಕೇಳು

ಹೋದ ವಾರ ಕೆನಡಾದ ಮಿಸಿಸಾಗಾದಿಂದ ಒಬ್ಬ ಹುಡುಗಿ ಮೆಸೇಜ್ ಮಾಡಿದ್ದಳು. ನಮ್ಮ ಕುಮಟಾ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಕೆನಡಾದಲ್ಲೇ. ಡಿಗ್ರಿ ಮುಗಿದಿದೆ, ಇಂಗ್ಲಿಷ್ ಕಲಿಸುವವರಿಗೆ ಅಂತಿರುವ 120 ಗಂಟೆಯ ಟೆಫಲ್ ಕೋರ್ಸೂ ಆಗಿದೆ. ಚೀನಾಕ್ಕೆ ಹೋಗಿ ಇಂಗ್ಲಿಷ್ ಕಲಿಸಬೇಕು ಅಂತ ಆಸೆ. ಕೈಯಲ್ಲಿ ಎರಡು ಆಫರ್. ಒಂದು ಹಾಂಗ್‌ಝೌನಲ್ಲಿ, ಹತ್ತಾರು ಊರುಗಳಲ್ಲಿ ಶಾಖೆ ಇರುವ ದೊಡ್ಡ ಕಂಪನಿ. ಇನ್ನೊಂದು ಚೆಂಗ್ಡುವಿನಲ್ಲಿ, ಗಂಡ ಹೆಂಡತಿ ಸೇರಿ ನಡೆಸುವ, ಎರಡೇ ಸೆಂಟರ್ ಇರುವ ಸ್ಕೂಲು. "ದೊಡ್ಡದರಲ್ಲಿ ತಿಂಗಳಿಗೆ 4,000 ಯುವಾನ್ ಜಾಸ್ತಿ ಅಕ್ಕಾ. ಯಾವುದಕ್ಕೆ ಹೂಂ ಅನ್ನಲಿ?" ಅಂತ ಕೇಳಿದಳು.

ನಾನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. ಆ ಸ್ಕೂಲುಗಳು ಅಪ್ಪ ಅಮ್ಮಂದಿರ ಹತ್ತಿರ ಫೀಸು ಹೇಗೆ ತಗೊಳ್ಳುತ್ತವೆ? ತಿಂಗಳಿಗಾ, ಟರ್ಮಿಗಾ, ಎರಡು ವರ್ಷಕ್ಕೆ ಒಟ್ಟಿಗಾ?

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಸಂಬಳ ಕೇಳಿದರೆ ಅಕ್ಕ ಫೀಸಿನ ಮಾತಾಡ್ತಾಳಲ್ಲ ಅಂತ ಅಂದುಕೊಂಡಿರಬೇಕು. ಮೆಸೇಜಿನಲ್ಲಿ ಹೇಳಿ ಮುಗಿಯುವ ಕಥೆ ಅಲ್ಲ ಇದು. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯವರು ಕೆನಡಾಕ್ಕೆ ಬಂದದ್ದು. 2017ರ ಆಗಸ್ಟಿನಲ್ಲಿ ಚೆಂಗ್ಡುಗೆ ಹೋದೆ, ಕೆನಡಾ ಪಾಸ್‌ಪೋರ್ಟಿನ ಮೇಲೆ. ಅರ್ಜಿ ಹಾಕಿದ ಕಡೆಯಲ್ಲೆಲ್ಲ ಮೊದಲು ಕೇಳಿದ್ದು ಫೋಟೋ. ಡಿಗ್ರಿ ಸರ್ಟಿಫಿಕೇಟ್ ಆಮೇಲೆ. ಒಬ್ಬ ಏಜೆಂಟ್ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ನೋಡಿದ್ದೇ ತಡ, ಪೋಷಕರಿಗೆ "ವಿದೇಶಿ ಥರ ಕಾಣೋ" ಟೀಚರ್ ಬೇಕು ಅಂತ ಹೇಳಿ 2,000 ಯುವಾನ್ ಇಳಿಸಿದ. ನಾನು ವಿದೇಶಿಯೇ ತಾನೆ! ಕಾಲ್ ಕಟ್ ಮಾಡಿದೆ. ಇಂಥ ಏಜೆಂಟರಿಗೆ ದುಡ್ಡು ಕೊಡುವುದು ಸ್ಕೂಲು, ನಾವಲ್ಲ. ಅವರು ಯಾವ ಸ್ಕೂಲನ್ನು ಹೊಗಳಿದರೂ ಅದನ್ನು ನೆನಪಿಟ್ಟುಕೊಂಡೇ ಕೇಳಬೇಕು.

ಕೊನೆಗೆ ಸೇರಿದ್ದು ಒಂದು ಹೆಸರುವಾಸಿ ಟ್ರೈನಿಂಗ್ ಸೆಂಟರಿಗೆ. ಶಾಪಿಂಗ್ ಮಾಲಿನ ನಾಲ್ಕನೇ ಮಹಡಿ. ಒಂದು ಕಡೆ ಹಾಟ್‌ಪಾಟ್ ಹೋಟೆಲ್, ಇನ್ನೊಂದು ಕಡೆ ಮಕ್ಕಳ ಪಿಯಾನೋ ಕ್ಲಾಸ್. ಕ್ಲಾಸ್‌ರೂಮಿಗೆ ಗಾಜಿನ ಗೋಡೆ, ಹೊರಗೆ ಕೂತ ಅಜ್ಜಿಯಂದಿರಿಗೆ ಮೊಮ್ಮಗ ಏನು ಮಾಡ್ತಿದ್ದಾನೆ ಅಂತ ಕಾಣಬೇಕು ಅಲ್ವಾ. ಸೋಮವಾರ ಮಂಗಳವಾರ ರಜೆ. ಬುಧವಾರದಿಂದ ಸಂಜೆ ಕ್ಲಾಸು. ಶನಿವಾರ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಶುರುವಾದರೆ ರಾತ್ರಿ ಎಂಟಾದರೂ ಗಂಟಲಿಗೆ ಬಿಡುವಿಲ್ಲ. ಮಕ್ಕಳು ಮಾತ್ರ ಚಿನ್ನ. ನನ್ನ ಒಂದೇ ಕ್ಲಾಸಿನಲ್ಲಿ ಆ್ಯಪಲ್, ಚೆರಿ, ಬ್ಯಾಟ್‌ಮನ್ ಮೂವರೂ ಇದ್ದರು. ಇಂಗ್ಲಿಷ್ ಹೆಸರು ಅಂತ ಅವರೇ ಆರಿಸಿಕೊಂಡದ್ದು. ಬ್ಯಾಟ್‌ಮನ್‌ಗೆ ಕತ್ತಲೆ ಅಂದರೆ ಭಯ.

ಅಲ್ಲಿ ಇಂಗ್ಲಿಷಿಗೆ ಇಷ್ಟು ಬೇಡಿಕೆ ಯಾಕೆ ಅಂದರೆ ಗಾವ್‌ಕಾವ್, ಅಂದರೆ ಕಾಲೇಜಿಗೆ ಹೋಗುವ ಪರೀಕ್ಷೆ. ಬಹುತೇಕ ಪ್ರಾಂತ್ಯಗಳಲ್ಲಿ ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷಿಗೇ 150. ನಮ್ಮಲ್ಲಿ ಸಿಇಟಿ ಕೋಚಿಂಗಿಗೆ ಅಪ್ಪ ಅಮ್ಮ ಸಾಲ ಮಾಡುತ್ತಾರಲ್ಲ, ಅಲ್ಲಿ ನಾಲ್ಕು ವರ್ಷದ ಮಗುವಿನಿಂದಲೇ ಶುರು.

ತಿಂಗಳಿಗೆ ಎರಡು ಮೂರು ಸಲ ನನಗೆ "ಡೆಮೋ ಕ್ಲಾಸ್" ಇರುತ್ತಿತ್ತು. ಹೊಸ ಮಕ್ಕಳು, ಅರ್ಧ ಗಂಟೆ, ಪೂರ್ತಿ ಹಾಡು ಕುಣಿತ. ಗಾಜಿನ ಆಚೆ ಸೇಲ್ಸಿನ ಹುಡುಗಿಯರು ಅಪ್ಪ ಅಮ್ಮಂದಿರ ಪಕ್ಕ ನಿಂತು ಕ್ಯಾಲ್ಕುಲೇಟರ್ ಒತ್ತುತ್ತಿದ್ದರು. ಆರು ತಿಂಗಳಿಗೆ ಇಷ್ಟು, ವರ್ಷಕ್ಕೆ ಸ್ವಲ್ಪ ಕಮ್ಮಿ, ಎರಡು ವರ್ಷದ್ದು ಇವತ್ತೇ ಕಟ್ಟಿದರೆ ಇನ್ನೂ ಕಮ್ಮಿ. ಮಕ್ಕಳ ಕೋಚಿಂಗಿಗೆ ಒಮ್ಮೆಗೆ ಮೂರು ತಿಂಗಳಿಗಿಂತ ಜಾಸ್ತಿ ಫೀಸು ತಗೊಳ್ಳಬಾರದು ಅಂತ 2018ರಲ್ಲೇ ಸರ್ಕಾರ ಹೇಳಿತ್ತು. ಆ ಮಾತು ನಮ್ಮ ನಾಲ್ಕನೇ ಮಹಡಿಗೆ ಹತ್ತಿ ಬಂದದ್ದನ್ನು ನಾನು ನೋಡಲಿಲ್ಲ.

ನನಗೆ ಇದು ಅರ್ಥವಾಗಲು ತುಂಬ ದಿನ ಬೇಕಾಯಿತು. ಅರ್ಥವಾದಾಗ ನೆನಪಾದದ್ದು ನಮ್ಮೂರಿನ ಚೀಟಿ ವ್ಯವಹಾರ. ಇವತ್ತು ಸೇರಿದವರ ದುಡ್ಡಿನಲ್ಲಿ ನಿನ್ನೆ ಸೇರಿದವರಿಗೆ ಪಾಠ. ಆ ದುಡ್ಡಿನಲ್ಲೇ ಹೊಸ ಮಾಲಿನಲ್ಲಿ ಹೊಸ ಸೆಂಟರು, ಅಲ್ಲಿಯ ಬಾಡಿಗೆ, ನನ್ನ ಸಂಬಳ. ಹೊಸಬರು ಬರುವುದು ನಿಂತ ದಿನ ಎಲ್ಲವೂ ನಿಂತಿತು. ಚೀಟಿ ನಡೆಸುವವನು ಊರಿನವನಾದರೆ ಅವನ ಮನೆ ಬಾಗಿಲಿಗಾದರೂ ಹೋಗಬಹುದು. ಇಲ್ಲಿ ಬಾಗಿಲೇ ಬಾಡಿಗೆಯದು.

2019ರಲ್ಲಿ ಸುಳಿವು ಒಂದೊಂದೇ ಕಂಡವು. ಮೊದಲು ಕಾಫಿ ಮಶೀನ್ ಹೋಯಿತು. ಸಂಬಳ ಹತ್ತು ದಿನ ತಡ. ಎರಡು ವರ್ಷದ ಪ್ಯಾಕೇಜು ಹೋಗಿ ಮೂರು ವರ್ಷದ್ದು ಬಂತು, ಅದೂ ಅರ್ಧ ಬೆಲೆಗೆ. ಡೆಮೋ ಕ್ಲಾಸು ವಾರಕ್ಕೆ ಐದು. ನಾನು ದಡ್ಡಿ, ಬಿಸಿನೆಸ್ ಚೆನ್ನಾಗಿ ನಡೀತಿದೆ ಅಂದುಕೊಂಡೆ.

ಒಂದು ಬುಧವಾರ ಮಧ್ಯಾಹ್ನ ಹೋದರೆ ಗಾಜಿನ ಬಾಗಿಲಿಗೆ ಚೈನು ಬೀಗ. ಹೊರಗೆ ನಲವತ್ತು ಐವತ್ತು ಜನ. ನನ್ನ ಒಂದೂವರೆ ತಿಂಗಳ ಸಂಬಳ ಹೋಯಿತು, ಅದು ಬಿಡಿ. ಬ್ಯಾಟ್‌ಮನ್‌ನ ಅಜ್ಜಿ ಅಲ್ಲಿ ನಿಂತಿದ್ದರು. ಅವರು ಯಾರನ್ನೂ ಬೈಯಲಿಲ್ಲ. ಬಾಗಿಲ ಪಕ್ಕದ ದೊಡ್ಡ ಪೋಸ್ಟರ್ ನೋಡಿದರು, ನನ್ನ ಮುಖ ನೋಡಿದರು. ಪೋಸ್ಟರಿನಲ್ಲಿ ಹಲ್ಲು ಕಿರಿಯುತ್ತಿದ್ದವಳು ನಾನೇ. ಅವರಿಗೆ ಕಂಪನಿ ಅಂದರೆ ಯಾರೋ ಕಾಣದ ಬಾಸ್ ಅಲ್ಲ, ನಾನು. ಅವರ ಮೂರು ವರ್ಷದ ದುಡ್ಡು ಕಟ್ಟಿಸಿದ್ದು ನನ್ನ ಹಾಡು ಕುಣಿತ.

ಸಂಬಳದ ಹಿಂದೆ ಯಾವ ದುಡ್ಡಿದೆ ಅಂತ ಮೊದಲು ನೋಡಿ ಅನ್ನುವುದು ಇದಕ್ಕೆ.

ಇನ್ನೊಂದು ಪೇಚು ಆಮೇಲೆ ಶುರುವಾಯಿತು. ಅಲ್ಲಿ ವರ್ಕ್ ಪರ್ಮಿಟ್ ನಿಮ್ಮದಲ್ಲ, ಆ ಒಂದು ಕಂಪನಿಗೆ ಕಟ್ಟಿದ್ದು. ಬೇರೆ ಕಡೆ ಸೇರಬೇಕಾದರೆ ಹಳೆಯವರು ಪರ್ಮಿಟ್ ರದ್ದು ಮಾಡಿಸಬೇಕು, ಬಿಡುಗಡೆ ಪತ್ರ ಕೊಡಬೇಕು. ಆ ಪತ್ರದ ಮೇಲೆ ಕಂಪನಿಯ ಕೆಂಪು ಸೀಲು ಬೀಳಬೇಕು. ಸಹಿ ಯಾರಿಗೂ ಬೇಡ, ಸೀಲೇ ದೇವರು. ಬಾಸ್ ಫೋನ್ ಸ್ವಿಚ್ ಆಫ್, ಆಫೀಸಿಗೆ ಬೀಗ. ಹದಿನೈದು ದಿನ ಅಲೆದ ಮೇಲೆ ಎಚ್‌ಆರ್‌ನಲ್ಲಿದ್ದ ಹೆಂಗಸು ಒಂದು ನೂಡಲ್ಸ್ ಅಂಗಡಿಗೆ ಬರಹೇಳಿದಳು. ವ್ಯಾನಿಟಿ ಬ್ಯಾಗಿನಿಂದ ಸೀಲು ತೆಗೆದು, ಟೇಬಲ್ ಒರೆಸಿ, ಮೂರು ಪತ್ರಕ್ಕೆ ಒತ್ತಿಕೊಟ್ಟಳು. ಅವಳಿಗೂ ಮೂರು ತಿಂಗಳ ಸಂಬಳ ಬಂದಿರಲಿಲ್ಲ. ಆ ದಿನದ ನೂಡಲ್ಸ್ ಬಿಲ್ಲು ನಾನು ಕೊಟ್ಟೆ.

ನನ್ನದು ಒಂಟಿ ಕಥೆ ಅಂದುಕೊಳ್ಳಬೇಡಿ. ಅದೇ 2019ರ ಅಕ್ಟೋಬರಿನಲ್ಲಿ ವೆಬ್ ಇಂಟರ್‌ನ್ಯಾಷನಲ್ ಇಂಗ್ಲಿಷ್ ಅನ್ನುವ, 1998ರಿಂದ ಇದ್ದ ದೊಡ್ಡ ಸಂಸ್ಥೆಯ ಸೆಂಟರುಗಳು ಬಾಗಿಲು ಹಾಕಿದವು. ಫೀಸು ಕಟ್ಟಲು ಸಾಲ ಮಾಡಿದ್ದವರಿಗೆ ಪಾಠ ಹೋಯಿತು, ಕಂತು ಉಳಿಯಿತು. 2020ರಲ್ಲಿ ಡಿಸ್ನಿ ಇಂಗ್ಲಿಷ್ ಮುಚ್ಚಿತು. 2021ರ ಆಗಸ್ಟಿನಲ್ಲಿ ವಾಲ್ ಸ್ಟ್ರೀಟ್ ಇಂಗ್ಲಿಷ್‌ನ ಚೀನಾ ವ್ಯವಹಾರ ಕುಸಿಯಿತು. ಇವುಗಳಲ್ಲಿ ಯಾವುದೂ ಸಣ್ಣ ಹೆಸರಲ್ಲ.

ನಡುವೆ 2021ರ ಜುಲೈನಲ್ಲಿ ಸರ್ಕಾರ "ಶುವಾಂಗ್‌ಜಿಯಾನ್" ನೀತಿ ತಂದಿತು. ಮಕ್ಕಳ ಮೇಲಿನ ಎರಡು ಹೊರೆ, ಅಂದರೆ ಹೋಂವರ್ಕ್ ಮತ್ತು ಟ್ಯೂಷನ್, ಇಳಿಸುವುದು. ಶಾಲೆಯ ಪಾಠಗಳ ಟ್ಯೂಷನ್ನಿನಲ್ಲಿ ಲಾಭ ಮಾಡಬಾರದು, ಶನಿವಾರ ಭಾನುವಾರ ಮತ್ತು ರಜೆಯಲ್ಲಿ ನಡೆಸಬಾರದು, ಹೊರದೇಶದಲ್ಲಿ ಕೂತ ವಿದೇಶಿ ಟೀಚರನ್ನು ಆನ್‌ಲೈನ್ ಪಾಠಕ್ಕೆ ಇಟ್ಟುಕೊಳ್ಳಬಾರದು. ವಾರಾಂತ್ಯವೇ ಜೀವ ಆಗಿದ್ದ ಧಂದೆಗೆ ಇನ್ನೇನು ಉಳಿಯಿತು? ನ್ಯೂ ಓರಿಯೆಂಟಲ್ ಅಂತ ಅಲ್ಲಿಯ ಅತಿ ದೊಡ್ಡ ಟ್ಯೂಷನ್ ಸಂಸ್ಥೆಗಳಲ್ಲಿ ಒಂದು, ಯು ಮಿನ್‌ಹಾಂಗ್ 1993ರಲ್ಲಿ ಕಟ್ಟಿದ್ದು. ಆ ಒಂದೇ ವರ್ಷದಲ್ಲಿ 60,000 ಜನರನ್ನು ಕೆಲಸದಿಂದ ತೆಗೆದೆವು ಅಂತ ಅವರೇ ಹೇಳಿಕೊಂಡರು. ಆದರೆ ಪೋಷಕರ ಫೀಸು ವಾಪಸ್ ಕೊಟ್ಟರು, ಸಾವಿರಾರು ಬೆಂಚು ಕುರ್ಚಿ ಹಳ್ಳಿ ಶಾಲೆಗಳಿಗೆ ದಾನ ಮಾಡಿದರು. 2022ರಲ್ಲಿ ಅವರ ಇಂಗ್ಲಿಷ್ ಮೇಷ್ಟ್ರು ಡಾಂಗ್ ಯುಹುಯಿ ಲೈವ್ ವಿಡಿಯೋದಲ್ಲಿ ಅಕ್ಕಿ, ಜೋಳ ಮಾರುತ್ತಾ ನಡುನಡುವೆ ಇಂಗ್ಲಿಷ್ ಪದ ಕಲಿಸುತ್ತಾ ದೇಶಕ್ಕೆಲ್ಲ ಪ್ರಸಿದ್ಧರಾದರು. ಮುಚ್ಚುವ ಹೊತ್ತಿಗೆ ಯಾರ ದುಡ್ಡು ಯಾರಿಗೆ ಹೋಯಿತು ಅನ್ನುವುದರಲ್ಲೇ ವ್ಯತ್ಯಾಸ ಇದೆ, ನೋಡಿ.

ಹಾಗಾದರೆ ಸಣ್ಣ ಸ್ಕೂಲೇ ಒಳ್ಳೆಯದಾ? ಹಾಗೇನಿಲ್ಲ. ಬೀಗ ಬಿದ್ದ ಮೇಲೆ ನಾನು ಸೇರಿದ್ದು ಸಣ್ಣದಕ್ಕೇ. ಫೀಸು ಟರ್ಮಿಗೊಮ್ಮೆ, ಸಂಬಳ ಒಂದು ದಿನ ತಪ್ಪಲಿಲ್ಲ. ಮಾಲಕಿ ಮನೆಯಿಂದ ನನಗೆ ಬೇರೆ ಡಬ್ಬಿ ತರುತ್ತಿದ್ದರು, ಹಂದಿಮಾಂಸ ಹಾಕದೆ. ಆದರೆ ಅದೇ ಮಾಲಕಿ ಎರಡನೇ ತಿಂಗಳಲ್ಲಿ, "ಊರಾಚೆ ನನ್ನ ತಮ್ಮನ ಕಿಂಡರ್‌ಗಾರ್ಟನ್ ಇದೆ, ವಾರಕ್ಕೆ ಎರಡು ದಿನ ಹೋಗಿ ಬಾ" ಅಂದರು. ಪರ್ಮಿಟ್ ಇರುವುದು ಇವರ ಹೆಸರಿಗೆ. ಪೊಲೀಸರು ಬಂದರೆ ಸಿಕ್ಕಿಬೀಳುವುದು ನಾನು. ಆಗಲ್ಲ ಅಂದೆ. ಒಂದು ವಾರ ಡಬ್ಬಿ ಬರಲಿಲ್ಲ, ಆಮೇಲೆ ಬಂತು.

ಈಗ ಹೋಗುವವರು ಇನ್ನೊಂದು ನೋಡಬೇಕು. 2021ರ ನಂತರ ಎಷ್ಟೋ ಕಡೆ ಬೋರ್ಡು ಒಂದು, ಲೈಸೆನ್ಸು ಇನ್ನೊಂದು. ಒಳಗೆ ಇಂಗ್ಲಿಷ್ ಕ್ಲಾಸು, ಕಾಗದದಲ್ಲಿ ನಾಟಕ, ಚಿತ್ರಕಲೆ, "ಸಂಸ್ಕೃತಿ ಸಲಹೆ". ಬಿಸಿನೆಸ್ ಲೈಸೆನ್ಸಿನ ಫೋಟೋ ಕೇಳಿ. ಯಾವ ಕಂಪನಿ ಹೆಸರಿದೆ, ಏನು ವ್ಯವಹಾರ ಅಂತಿದೆ, ಕಾಂಟ್ರಾಕ್ಟಿನಲ್ಲೂ ಪರ್ಮಿಟಿನಲ್ಲೂ ಅದೇ ಹೆಸರು ಬರುತ್ತಾ ಕೇಳಿ. ಚೀನೀ ಬಲ್ಲ ಗೆಳೆಯರಿದ್ದರೆ ಕಂಪನಿಗಳ ಜಾತಕ ತೋರಿಸುವ ತ್ಯಾನ್‌ಯಾನ್‌ಚಾ ಆ್ಯಪಿನಲ್ಲಿ ಆ ಹೆಸರು ಹಾಕಿದರೆ ಕೋರ್ಟು ಕೇಸುಗಳೂ ಕಾಣುತ್ತವೆ. ಫೋಟೋ ಕಳಿಸಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಕಾಂಟ್ರಾಕ್ಟಿನ ಮಿಕ್ಕ ಜಗಳಗಳು ಹಳೆಯವೇ. ವಾರಕ್ಕೆ 25 ಗಂಟೆ ಪಾಠ ಅಂದರೆ ಆಫೀಸಿನಲ್ಲಿ ಕೂರುವುದು 40 ಗಂಟೆ ಇರಬಹುದು. ವಿಮಾನದ ದುಡ್ಡು ವರ್ಷದ ಕೊನೆಗೆ ಅಂತಿರುತ್ತೆ, ಆ ಕೊನೆ ಬರುವುದೇ ಇಲ್ಲ. ಈಗ ಅಲ್ಲಿ ಕಲಿಸುತ್ತಿರುವ ಒಬ್ಬ ಟೀಚರ್ ಜೊತೆ ಬಾಸ್ ಇಲ್ಲದೆ ಮಾತಾಡಿಸಿ ಅಂತ ಕೇಳಿದರೆ ಅರ್ಧ ಸಂಶಯ ತೀರುತ್ತದೆ.

ಊರಿಂದಲೂ ಒಬ್ಬ ತಮ್ಮ ಕೇಳಿದ್ದ, ನಮಗೂ ಆಗುತ್ತಾ ಅಕ್ಕಾ ಅಂತ. ಬೇಜಾರಾಗುವ ಉತ್ತರ. ಭಾಷೆ ಕಲಿಸುವವರು ಅದು ಮಾತೃಭಾಷೆಯಾದ ದೇಶದವರೇ ಆಗಿರಬೇಕು ಅನ್ನುವುದು ಅಲ್ಲಿಯ ಮೂಲ ನಿಯಮ. ನಡೆಯುವುದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟ್. ಅವನ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿದೆ, ಎಂಟು ವರ್ಷ ಪಾಠ ಮಾಡಿದ ಅನುಭವ ಇದೆ. ಅನ್ಯಾಯವೇ ಸರಿ. ಆದರೆ ಇಲ್ಲೇ ಮೋಸ ಹುಟ್ಟುವುದು. "ಬಿಸಿನೆಸ್ ವೀಸಾದಲ್ಲಿ ಬನ್ನಿ, ಇಲ್ಲಿ ಬಂದ ಮೇಲೆ ಬದಲಾಯಿಸೋಣ" ಅನ್ನುವವರನ್ನು ನಂಬಬೇಡಪ್ಪ ಅಂದೆ. ಕೆಲಸಕ್ಕೆ ಹೋಗುವುದು ಝಡ್ ವೀಸಾದಲ್ಲಿ, ಹೋದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟಿಗೆ ಅರ್ಜಿ ಹಾಕಬೇಕು. ಸುಮ್ನೆ ಕೆಲಸ ಮಾಡಿ ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ, ಜೋರಾದರೆ 5ರಿಂದ 15 ದಿನ ಲಾಕಪ್. ಕರೆಸಿಕೊಂಡ ಸ್ಕೂಲಿನವರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ನಿನ್ನೆ ಮಿಸಿಸಾಗಾದ ಹುಡುಗಿ ಮತ್ತೆ ಮೆಸೇಜ್ ಮಾಡಿದಳು. ಚೀನೀ ಗೆಳತಿಯೊಬ್ಬಳಿಂದ ಎರಡೂ ಕಡೆ ರಿಸೆಪ್ಷನ್‌ಗೆ ಫೋನ್ ಮಾಡಿಸಿದ್ದಾಳೆ, ಮಗು ಸೇರಿಸುವ ತಾಯಿಯ ಥರ. ಹಾಂಗ್‌ಝೌನವರು ಎರಡು ವರ್ಷದ್ದು ಒಟ್ಟಿಗೆ ಕಟ್ಟಿ, ಈ ವಾರದ ಒಳಗೆ ಕಟ್ಟಿದರೆ ಐಪ್ಯಾಡ್ ಫ್ರೀ ಅಂದರಂತೆ. ಚೆಂಗ್ಡುವಿನವರು ಒಮ್ಮೆಗೆ ಮೂರು ತಿಂಗಳಿಗಿಂತ ಜಾಸ್ತಿ ಫೀಸು ತಗೊಳ್ಳಲ್ಲ, ಬೇಕಾದರೆ ಮಗುವನ್ನು ಮೊದಲು ಎರಡು ಕ್ಲಾಸ್ ಕೂರಿಸಿ ನೋಡಿ ಅಂದರಂತೆ. ಲೈಸೆನ್ಸಿನ ಫೋಟೋನೂ ಕಳಿಸಿದ್ದಾರೆ. ಊರಾಚೆ ತಮ್ಮ ಯಾರಾದರೂ ಇದ್ದಾರಾ ಅಂತ ವಿಚಾರಿಸು ಅಂದಿದ್ದೇನೆ.

"ಅಕ್ಕಾ, ಅಮ್ಮ ಊರಿಂದ ಬಂದ ಜುಮ್ಮನಕಾಯಿ ಪ್ಯಾಕ್ ಮಾಡ್ತಿದ್ದಾಳೆ, ಒಯ್ಯಲಾ?" ಅಂತ ಕೇಳಿದಳು. ಬೇಡವೇ ಮಾರಾಯ್ತಿ, ಚೆಂಗ್ಡುವಿನಲ್ಲಿ ಅದರ ಅಕ್ಕ ತಂಗಿಯರನ್ನು, ಅಂದರೆ ಸಿಚುವಾನ್ ಪೆಪ್ಪರನ್ನು, ಎಲ್ಲದಕ್ಕೂ ಮುಷ್ಟಿಗಟ್ಟಲೆ ಹಾಕ್ತಾರೆ. ಒಯ್ಯೋದಾದರೆ ಒಂದು ಕೇಜಿ ಬೆಲ್ಲ ಒಯ್ಯಿ, ನಾಲಿಗೆ ಜುಮ್ ಅಂದಾಗ ಬೇಕಾಗುತ್ತೆ.