ನಡು 27, ಸೀಟು 40

ಜೀನ್ಸ್ ಅಂಗಡಿಯ ಹುಡುಗರಿಗೆ ಕೆಲಸಕ್ಕೆ ಸೇರಿದ ದಿನವೇ ಎರಡು ವಾಕ್ಯ ಬಾಯಿಪಾಠ ಮಾಡಿಸಿರುತ್ತಾರೆಂದು ನನ್ನ ಗುಮಾನಿ. ಪ್ಯಾಂಟು ತೊಡೆಯ ಹತ್ತಿರ ನಿಂತು ಮೇಲೇರಲು ಒಪ್ಪದಿದ್ದರೆ ‘ಹಾಕ್ತಾ ಹಾಕ್ತಾ ಲೂಸ್ ಆಗತ್ತೆ ಮೇಡಂ’. ನಡುವಿನಲ್ಲಿ ಕೈ ತೂರುವಷ್ಟು ಜಾಗ ಉಳಿದಿದ್ದರೆ ‘ಒಂದ್ಸಲ ವಾಶ್ ಮಾಡಿದ್ರೆ ಟೈಟ್ ಆಗತ್ತೆ ಮೇಡಂ’. ಉಳಿದ ಗಿರಾಕಿಗಳಿಗೆ ಇವೆರಡರಲ್ಲಿ ಒಂದು ಸಾಕು. ನನ್ನಂಥವಳು ಬಂದರೆ ಒಂದೇ ಪ್ಯಾಂಟಿಗೆ ಎರಡನ್ನೂ ಹೇಳಬೇಕಾಗುತ್ತದೆ. ಕೆಳಗೆ ಲೂಸ್ ಆಗುತ್ತಲೇ ಮೇಲೆ ಟೈಟ್ ಆಗುವ ಬಟ್ಟೆಯನ್ನು ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬರುತ್ತದೆ, ಪಾಪ.

ಲೆಕ್ಕ ಇಷ್ಟೆ. ನನ್ನ ನಡು 27 ಇಂಚು, ಸೀಟು 40. ಸೀಟು ಎಂದರೆ ಕೂರುವ ಭಾಗದ ಸುತ್ತಳತೆ, ಎಲ್ಲಿ ಅತಿ ಅಗಲವೋ ಅಲ್ಲಿ ಟೇಪು ಹಿಡಿದದ್ದು. ಇವೆರಡರ ನಡುವೆ 13 ಇಂಚಿನ ಅಂತರ. ರೆಡಿಮೇಡ್ ಜೀನ್ಸ್ ಹೊಲಿಯುವವರು ಸಾಮಾನ್ಯವಾಗಿ ಹತ್ತು ಇಂಚಿನ ಆಸುಪಾಸಿನ ಅಂತರ ಇಟ್ಟುಕೊಂಡು ಕತ್ತರಿ ಹಾಕುತ್ತಾರೆ. ಉಳಿದ ಮೂರು ಇಂಚು ನನ್ನ ಹಣೆಬರಹ. ನಡುವಿನ ಅಳತೆಗೆ ಕೊಂಡರೆ ಪ್ಯಾಂಟು ತೊಡೆ ದಾಟುವುದಿಲ್ಲ. ಸೀಟಿನ ಅಳತೆಗೆ ಕೊಂಡರೆ ನಿಂತಾಗ ಎಲ್ಲ ಸರಿಯಿದ್ದಂತೆ ಕಂಡು, ಕೂತ ಕೂಡಲೇ ಬೆನ್ನ ಹಿಂದೆ ಅಂಚೆಪೆಟ್ಟಿಗೆಯ ಬಾಯಿ ತೆರೆದುಕೊಳ್ಳುತ್ತದೆ. ಯಾರು ಬೇಕಾದರೂ ಒಂದು ಇನ್‌ಲ್ಯಾಂಡ್ ಲೆಟರ್ ಹಾಕಬಹುದು. ಜೀನ್ಸಿನ ಮೇಲೆ ಉದ್ದ ಕುರ್ತಾ ಹಾಕುವ ನಮ್ಮ ಹೆಣ್ಣುಮಕ್ಕಳ ರೂಢಿಗೆ ಸಂಸ್ಕೃತಿ, ಸಂಕೋಚ ಅಂತೆಲ್ಲ ಕಾರಣ ಕೊಡುವವರು ಈ ಪೆಟ್ಟಿಗೆಯನ್ನು ನೋಡಿಲ್ಲ.

ಬೆಲ್ಟ್ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹೆಚ್ಚಾಗಿ ಗಂಡಸರು. ಬೆಲ್ಟು ಬಿಗಿದರೆ ಆ ಮೂರು ಇಂಚು ಎಲ್ಲಿಗೂ ಹೋಗುವುದಿಲ್ಲ, ಹಿಂದೆ ಮುದುಡಿ ನಿಲ್ಲುತ್ತದೆ. ಸೀರೆಗೆ ನಿರಿಗೆ ಮುಂದೆ, ನನ್ನ ಜೀನ್ಸಿಗೆ ಹಿಂದೆ.

ಹಾಗಂತ ಇದು ಅಪರೂಪದ ಮೈಕಟ್ಟೂ ಅಲ್ಲ. ನಮ್ಮ ಹಳೆಯ ಕವಿಗಳು ಹೆಣ್ಣನ್ನು ಬಣ್ಣಿಸಲು ಕೂತರೆ ಮೊದಲು ನಡುವನ್ನು ಇದೆಯೋ ಇಲ್ಲವೋ ಎಂಬಷ್ಟು ಸಣ್ಣ ಮಾಡಿ, ಅಲ್ಲಿ ಉಳಿಸಿದ್ದನ್ನೆಲ್ಲ ಕೆಳಗೆ ಧಾರಾಳವಾಗಿ ಖರ್ಚು ಮಾಡುತ್ತಿದ್ದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಗೈಡು ಕತ್ತೆತ್ತಿಸಿ ಮದನಿಕೆಯರ ಬಳೆ, ಜಡೆ, ಕೈಗನ್ನಡಿ ತೋರಿಸುತ್ತಿದ್ದರೆ ನನ್ನ ಕಣ್ಣು ಟೇಪು ಹಿಡಿದು ಅಳೆಯುತ್ತಿರುತ್ತದೆ. ಕನ್ನಡಿ ನೋಡಿಕೊಳ್ಳುತ್ತಿರುವ ಈ ಸುಂದರಿಗೆ ನಡುವಿನ ನಂಬರಿನ ಜೀನ್ಸ್ ಕೊಟ್ಟರೆ ಮಂಡಿ ದಾಟದು. ಶಿಲ್ಪಿಗಳು ಸ್ವಲ್ಪ ಉತ್ಪ್ರೇಕ್ಷೆ ಮಾಡಿರಬಹುದು, ಒಪ್ಪೋಣ. ಆದರೂ ಒಂಬೈನೂರು ವರ್ಷ ಕಲ್ಲಿನಲ್ಲಿ ನಿಂತು ಹೊಗಳಿಸಿಕೊಂಡ ಮೈಗೆ ಟ್ರಯಲ್ ರೂಮಿನಲ್ಲಿ ಈ ಗತಿ ಬರಬಾರದಿತ್ತು.

ಅಮ್ಮನಿಗೆ ಈ ತಾಪತ್ರಯ ಅರ್ಥವೇ ಆಗುವುದಿಲ್ಲ. ಅವಳ ಬಟ್ಟೆಗೆ ನಂಬರೇ ಇಲ್ಲ. ಸೀರೆ ಐದೂವರೆ ಮೀಟರು, ಯಾರು ಉಟ್ಟರೂ ಐದೂವರೆ ಮೀಟರು. ತೆಳ್ಳಗಿದ್ದವಳು ಎರಡು ನಿರಿಗೆ ಹೆಚ್ಚು ಹಿಡಿಯುತ್ತಾಳೆ, ದಪ್ಪಗಿದ್ದವಳು ಎರಡು ಕಡಿಮೆ. ಒಳಗೆ ಲಂಗದ ಲಾಡಿ. ಲಾಡಿಯಷ್ಟು ನ್ಯಾಯವಂತ ವಸ್ತು ಬಟ್ಟೆಯ ಲೋಕದಲ್ಲಿ ಇನ್ನೊಂದಿಲ್ಲ. ಬೆಳಿಗ್ಗೆ ಬಿಗಿದು, ಹಬ್ಬದೂಟ ಆದಮೇಲೆ ಕೋಣೆಗೆ ಹೋಗಿ ಒಂದಿಷ್ಟು ಸಡಿಲಿಸಿ ಬರಬಹುದು. ಯಾವ ಅಂಗಡಿಯವನ ಅಪ್ಪಣೆಯೂ ಬೇಡ. ಅದು ಒಳಗೆ ಸೇರಿಕೊಂಡರೆ ಪಿನ್ನು ಚುಚ್ಚಿ ಪೋಣಿಸುವ ಹಿಂಸೆ ಒಂದಿದೆ, ನಿಜ. ‘ಲಂಗಕ್ಕೆ ಯಾರಾದ್ರೂ ನಂಬರ್ ಕೇಳ್ತಾರೇನೇ?’ ಎಂದು ಅಮ್ಮ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ತಪ್ಪು ನನ್ನದಲ್ಲ, ಅಂಗಡಿಯ ಹುಡುಗನದೂ ಅಲ್ಲ. ತಪ್ಪು ಹುಟ್ಟಿನಲ್ಲೇ ಇದೆ. ಅಮೆರಿಕದ ನೆವಾಡದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ಟೈಲರ್ ಇದ್ದ. ಮರ ಕಡಿಯುವವನೊಬ್ಬನ ಹೆಂಡತಿ ಬಂದು, ಗಂಡನಿಗೆ ಬೇಗ ಹರಿಯದ ಪ್ಯಾಂಟು ಹೊಲಿದುಕೊಡು ಎಂದಳಂತೆ. ಅವನು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದುಕೊಟ್ಟ. ಮುಂದೆ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ನೋಡಿ, ಕೇಳಿದವಳು ಹೆಂಗಸು, ಹೊಲಿದದ್ದು ಗಂಡಸಿಗೆ. ನಡುವಿನಿಂದ ತೊಡೆಗೆ ನೇರವಾಗಿ ಇಳಿಯುವ ಮೈಗೆ, ಗಣಿಯಲ್ಲಿ ಅಗೆಯುವವನಿಗೆ, ಕುದುರೆ ಹತ್ತುವವನಿಗೆ. ಆ ಸ್ಟ್ರಾಸನ ಕಂಪನಿ, ಅಂದರೆ ಲೀವೈಸ್, ಹೆಂಗಸರಿಗೆಂದೇ ಜೀನ್ಸ್ ತಂದದ್ದು 1934ರಲ್ಲಿ. ಅರವತ್ತೊಂದು ವರ್ಷ ತಡವಾಗಿ ಪಂಕ್ತಿಗೆ ಬಂದವರಿಗೆ ಏನು ಉಳಿದಿರುತ್ತದೋ ಅದೇ ನಮಗೆ ಸಿಕ್ಕಿದ್ದು.

ಜೀನ್ಸಿನ ಹಿಂಭಾಗವನ್ನು ಒಮ್ಮೆ ಮಗುಚಿ ನೋಡಿ. ನಡುಪಟ್ಟಿಯ ಕೆಳಗೆ, ಜೇಬುಗಳ ಮೇಲೆ, ಮಧ್ಯದಲ್ಲಿ ಕೆಳಕ್ಕೆ ಇಳಿಯುವ ಒಂದು ತುಂಡು ಇರುತ್ತದೆ. ಅದಕ್ಕೆ ಯೋಕ್ ಅನ್ನುತ್ತಾರೆ. ರವಿಕೆಗೆ ಟಕ್ಸ್ ಹಿಡಿದು ಮೈಯ ತಿರುವು ತರುವ ಹಾಗೆ ದಪ್ಪ ಡೆನಿಮ್ಮಿಗೆ ತರುವುದು ಕಷ್ಟ. ಆ ಕೆಲಸವನ್ನು ಈ ತುಂಡು ಮಾಡಬೇಕು. ಅದು ಎಷ್ಟು ಆಳವಾಗಿ ಬಾಗಿದೆಯೋ ಅಷ್ಟು ಹಿಂಭಾಗಕ್ಕೆ ಅವಕಾಶ. ಅದರ ಮೇಲಿನ ಪಟ್ಟಿಯೂ ಕಮಾನಿನ ಆಕಾರದಲ್ಲಿ ಕತ್ತರಿಸಿದ್ದಾದರೆ ನಡುವನ್ನು ತಬ್ಬಿಕೊಂಡು ಕೂರುತ್ತದೆ. ಆದರೆ ಪಟ್ಟಿಯನ್ನು ನೇರವಾಗಿ ಕತ್ತರಿಸಿದರೆ ಬಟ್ಟೆ ವ್ಯರ್ಥವಾಗುವುದು ಕಡಿಮೆ, ಮಿಷನ್ನಿನಲ್ಲಿ ಸರಸರನೆ ಓಡುತ್ತದೆ. ಹಾಗಾಗಿ ಅಗ್ಗದ ಜೀನ್ಸಿನಲ್ಲಿ ಪಟ್ಟಿ ನೆಟ್ಟಗೆ, ಯೋಕ್ ಸಪಾಟು. ನನ್ನ ಅಂಚೆಪೆಟ್ಟಿಗೆಯ ಮೂಲ ಇದು.

ಈ ನಂಬರುಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಇನ್ನೊಂದು ಕಥೆ. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆ (ಹೌದು, ಕೃಷಿ ಇಲಾಖೆಯೇ) ಸುಮಾರು 15,000 ಹೆಂಗಸರನ್ನು ನಿಲ್ಲಿಸಿ ಒಬ್ಬೊಬ್ಬರದೂ 59 ಅಳತೆ ತೆಗೆಸಿತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಅದರ ಆಧಾರದ ಮೇಲೆ 1958ರಲ್ಲಿ ಹೆಂಗಸರ ಉಡುಪಿನ ಸೈಜುಗಳ ಒಂದು ಮಾನದಂಡ ಬಂತು, 1983ರಲ್ಲಿ ಅದನ್ನು ಹಿಂತೆಗೆದುಕೊಂಡರು. ನಂತರ ಅಲ್ಲಿ ಪ್ರತಿ ಕಂಪನಿಗೂ ಅದರದೇ ಟೇಪು. ನಮ್ಮ ರೆಡಿಮೇಡ್ ಉಡುಪುಗಳಿಗೂ ಬಹುಕಾಲ ಹೊರದೇಶದ ಪಟ್ಟಿಗಳೇ ಆಧಾರ. ಭಾರತೀಯರ ಮೈಯನ್ನೇ ಅಳೆಯೋಣವೆಂದು ಫ್ಯಾಷನ್ ಕಲಿಸುವ ರಾಷ್ಟ್ರೀಯ ಸಂಸ್ಥೆ ನಿಫ್ಟ್ ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ 25,000 ಜನರನ್ನು ಸ್ಕ್ಯಾನ್ ಮಾಡುವ ಯೋಜನೆ ಹಾಕಿಕೊಂಡಿತು. ಮದನಿಕೆಯ ವಂಶದವರು ಒಂದಷ್ಟು ಜನ ಆ ಯಂತ್ರದ ಮುಂದೆ ನಿಂತಿದ್ದರೆ ನನಗೆ ಸಂತೋಷ.

2010ರಲ್ಲಿ ಲೀವೈಸ್ ಕಂಪನಿ ಮಾಡಿದ ಒಂದು ಕೆಲಸವನ್ನು ಮಾತ್ರ ಮೆಚ್ಚಲೇಬೇಕು. 60,000 ಹೆಂಗಸರ ಸ್ಕ್ಯಾನ್ ನೋಡಿ, ಸೈಜು ಒಂದೇ ಇದ್ದರೂ ನಡುವಿಗೂ ಸೀಟಿಗೂ ಇರುವ ಅಂತರ ಬೇರೆ ಬೇರೆ ಎಂದು ಕಂಡು, ಒಂದೇ ನಂಬರಿಗೆ ಮೂರು ಬಗೆಯ ತಿರುವಿನ ಜೀನ್ಸ್ ತಂದರು. ಅಳೆಯಬೇಕಾದದ್ದು ಮೈಯನ್ನಲ್ಲ, ಅಂತರವನ್ನು! ಇದು ಯಾವ ಗಲ್ಲಿಯ ಟೈಲರಿಗೂ ಗೊತ್ತಿದ್ದ ವಿಚಾರ, ಆದರೂ ಕಂಪನಿಯ ಬಾಯಿಂದ ಬಂದದ್ದು ದೊಡ್ಡದು. ಈಗ ‘ಕರ್ವಿ’ ಅಂತ ಚೀಟಿ ಅಂಟಿಸಿದ ಜೀನ್ಸ್ ಹಲವರು ಮಾಡುತ್ತಾರೆ. ನಮ್ಮೂರಿನ ಮಾಲಿನಲ್ಲಿ ಹೋಗಿ ಕರ್ವಿ ಎಂದು ಕೇಳಿ ನೋಡಿ, ಹುಡುಗಿ ನಿಮ್ಮನ್ನು ಕೈಹಿಡಿದು ಪ್ಲಸ್ ಸೈಜಿನ ಸಾಲಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ನಡುವೂ 40, ಸೀಟೂ 48.

ಇದಕ್ಕೆಲ್ಲ ಮದ್ದು ಎಂಬಂತೆ ಬಂದದ್ದು ಸ್ಟ್ರೆಚ್. 1958ರಲ್ಲಿ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ ಲೈಕ್ರಾ ನೂಲನ್ನು ಡೆನಿಮ್ಮಿಗೆ ನೂರಕ್ಕೆ ಒಂದೆರಡು ಪಾಲು ಸೇರಿಸಿದರೆ ಸಾಕು, ಬಟ್ಟೆ ಎಲ್ಲರಿಗೂ ಹೂಂ ಅನ್ನುತ್ತದೆ. ಬೆಳಿಗ್ಗೆ ಎಂಟಕ್ಕೆ ಹೂಂ ಅಂದದ್ದು ಸಂಜೆ ಆರಕ್ಕೆ ಮಾತು ಮರೆಯುತ್ತದೆ. ಮಂಡಿ ಜೋತು, ನಡು ಜಾರಿ, ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪ್ಯಾಂಟು. ಕತ್ತರಿಯವನ ಸೋಮಾರಿತನವನ್ನು ನೂಲಿನ ಮೇಲೆ ಹೇರಿದರೆ ಅದಾದರೂ ಎಷ್ಟು ಹೊತ್ತು ಹೊತ್ತೀತು?

ನಡುವೆ ಒಂದು ಒಳ್ಳೆಯ ಕಾಲ ಬಂದು ಹೋಯಿತು. 1995ರಲ್ಲಿ ಅರವಿಂದ್ ಮಿಲ್ಸ್‌ನವರು ರಫ್ ಅಂಡ್ ಟಫ್ ಅಂತ ಒಂದು ಪೊಟ್ಟಣ ತಂದಿದ್ದರು. ಇನ್ನೂರು ರೂಪಾಯಿಯೊಳಗೆ ಡೆನಿಮ್ ಬಟ್ಟೆ, ಜಿಪ್ಪು, ಗುಂಡಿ, ರಿವೆಟ್, ಹಿಂದೆ ಹಚ್ಚಲು ಲೇಬಲ್, ಎಲ್ಲ. ಊರಿನ ಟೈಲರ್ ಹತ್ತಿರ ಕೊಟ್ಟು ಹೊಲಿಸಿಕೊಳ್ಳಬೇಕು. ಜಾಹೀರಾತು ಗಂಡುಹುಡುಗರಿಗೆ ಇತ್ತು; ಆದರೆ ನಮ್ಮ ದೊಡ್ಡಮ್ಮನ ಮಗಳು ಅಣ್ಣನ ಪೊಟ್ಟಣ ಹಾರಿಸಿ ತನಗೆ ಹೊಲಿಸಿಕೊಂಡಳು. ಟೈಲರ್ ಗೊಣಗುತ್ತಾ ಸೂಜಿ ಮುರಿದುಕೊಂಡು ಹೊಲಿದ. ಅಕ್ಕನದು ನನ್ನದೇ ಮೈಕಟ್ಟು, ಮನೆತನದ ಆಸ್ತಿ. ಆ ಜೀನ್ಸ್ ನಡುವಿಗೂ ಕೂತಿತ್ತು, ಸೀಟಿಗೂ ಕೂತಿತ್ತು. ಅಳತೆ ತೆಗೆದದ್ದು ಅವಳದೇ ಆದ್ದರಿಂದ ಅದರಲ್ಲಿ ಪವಾಡವೇನೂ ಇರಲಿಲ್ಲ. ಆಮೇಲೆ ಎಲ್ಲರೂ ರೆಡಿಮೇಡಿಗೆ ತಿರುಗಿದೆವು.

ವಿಚಿತ್ರವೆಂದರೆ ಜೀನ್ಸ್ ಹೊಲಿಯುವವರು ನಮ್ಮ ಸುತ್ತಲೇ ಇದ್ದಾರೆ. ಬ್ರಿಟಿಷರ ದಂಡಿನ ಕಾಲದಿಂದ ಹೊಲಿಗೆ ಬಲ್ಲ ಬಳ್ಳಾರಿಯ ಕೌಲ್ ಬಜಾರಿನ ಮನೆಮನೆಯಲ್ಲಿ ಮಿಷನ್ನುಗಳಿವೆ. ಆ ಊರಿಗೆ 5,000 ಕೋಟಿಯ ಜೀನ್ಸ್ ಪಾರ್ಕಿನ ಭರವಸೆ 2023ರ ಚುನಾವಣೆಯ ಹೊತ್ತಿಗೆ ಕೇಳಿಬಂದಿತ್ತು. ಬೆಂಗಳೂರಿನಲ್ಲಿ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸುಗಳಿಗೆ ರಾಮನಗರ, ಮದ್ದೂರಿನ ಕಡೆಯಿಂದಲೂ ಹೆಂಗಸರು ಬರುತ್ತಾರೆ. ನಮ್ಮ ಬೀದಿಯಿಂದ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯನ್ನು ಒಮ್ಮೆ ತರಾಟೆಗೆ ತೆಗೆದುಕೊಂಡೆ. ‘ಅಯ್ಯೋ ಅಕ್ಕಾ, ನಂದು ಬರೀ ಲೂಪು. ಬೆಲ್ಟ್ ಪಟ್ಟಿ ಬೇರೆಯವ್ರು, ಜಿಪ್ಪು ಇನ್ನೊಬ್ರು. ಪೂರ್ತಿ ಪ್ಯಾಂಟನ್ನ ನಾನೇ ಸರಿಯಾಗಿ ನೋಡಿಲ್ಲ’ ಅಂದಳು. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಇರುವವಳಿಗೆ ನನ್ನ ಮೂರು ಇಂಚಿನ ದುಃಖ ಹೇಳಿಕೊಂಡದ್ದು ಅತಿಯಾಯಿತು. ಅವಳು ಹಾಕಿಕೊಂಡಿದ್ದು ಚೂಡಿದಾರ, ಲಾಡಿಯದು.

ಗಂಡಸರ ಜೀನ್ಸಿನ ಹಿಂದಿನ ಲೇಬಲ್ ಗಮನಿಸಿದ್ದೀರಾ? ಅಲ್ಲಿ ಎರಡು ನಂಬರು ಇರುತ್ತವೆ. ಒಂದು ನಡು, ಇನ್ನೊಂದು ಕಾಲಿನ ಉದ್ದ. ಉದ್ದ ಹೆಚ್ಚಾದರೆ ಯಾವ ಬೀದಿಯ ಟೈಲರಾದರೂ ಹತ್ತು ನಿಮಿಷದಲ್ಲಿ ಮಡಚಿ ಹೊಲಿಯುತ್ತಾನೆ. ನಡು ಸಡಿಲವಾದರೆ ಹಿಡಿದುಕೊಡುತ್ತಾನೆ. ಸೀಟು ಬಿಗಿಯಾದರೆ? ಇಲ್ಲದ ಬಟ್ಟೆಯನ್ನು ಎಲ್ಲಿಂದ ತರುತ್ತಾನೆ! ಸುಲಭವಾಗಿ ಸರಿಪಡಿಸಬಹುದಾದ ಎರಡನ್ನು ಲೇಬಲ್ಲಿನ ಮೇಲೆ ಬರೆದು, ಸರಿಪಡಿಸಲಾಗದ್ದನ್ನು ಗುಟ್ಟಾಗಿಟ್ಟವರ ಬುದ್ಧಿಗೆ ಏನನ್ನಬೇಕೋ ತಿಳಿಯದು. ಹೆಂಗಸರ ಜೀನ್ಸಿನಲ್ಲಿ ಬಹಳ ಸಲ ಇರುವುದು ಒಂದೇ ನಂಬರು, ಅದೂ ಕಂಪನಿಯಿಂದ ಕಂಪನಿಗೆ ಬೇರೆ.

ಹಾಗಾಗಿ ನಾನು ನಂಬರು ನೋಡುವುದನ್ನು ಬಿಟ್ಟೆ. ಕೈಚೀಲದಲ್ಲಿ ಒಂದು ಟೇಪು ಇಟ್ಟುಕೊಂಡು, ಪ್ಯಾಂಟನ್ನು ಕೌಂಟರಿನ ಮೇಲೆ ಹರಡಿ ಸೀಟನ್ನು ಅಳೆಯುತ್ತೇನೆ. ಸ್ಟ್ರೆಚ್ ಕಡಿಮೆ ಇರುವ ದಪ್ಪ ಬಟ್ಟೆಯದು, ಯೋಕ್ ಚೆನ್ನಾಗಿ ಬಾಗಿರುವುದು, ಪಟ್ಟಿ ಹೊಕ್ಕುಳದ ಹತ್ತಿರ ಬರುವುದು. ಸೀಟು ಆದರೆ ಸಾಕು. ನಡು ಎಷ್ಟಾದರೂ ಇರಲಿ, ಅಲ್ಲಿಂದ ಮುಂದಿನದು ಆಲ್ಟ್ರೇಶನ್ ಅಂಗಡಿಯವರ ಇಲಾಖೆ. ನಮ್ಮ ಅಕ್ಕನ ಮಗಳು ಈಗಿನ ಬ್ಯಾಗಿ ಜೀನ್ಸ್ ಹಾಕಿಕೊಂಡು, ಒಳಗೆ ಲೂಪುಗಳಿಗೆ ಶೂ ಲೇಸ್ ಪೋಣಿಸಿ ಬಿಗಿದುಕೊಳ್ಳುತ್ತಾಳೆ. ಅದನ್ನು ಕಂಡ ದಿನ ಅಮ್ಮನ ಮುಖದಲ್ಲಿ ಮೂಡಿದ ಗೆಲುವನ್ನು ವರ್ಣಿಸಲಾರೆ.

ನಮ್ಮ ಟೈಲರ್ ಸಾಬರದು ಮೆಟ್ಟಿಲ ಕೆಳಗಿನ ಅಂಗಡಿ. ನಡುಮಧ್ಯದ ಲೂಪು ಕೀಳುತ್ತಾರೆ, ಪಟ್ಟಿ ಬಿಚ್ಚುತ್ತಾರೆ, ಹಿಂದಿನ ಹೊಲಿಗೆಯನ್ನು ಸೀಟಿನವರೆಗೂ ಬಿಚ್ಚಿ, ಮೇಲೆ ಹೆಚ್ಚು ಹಿಡಿದು ಕೆಳಗೆ ಬರುಬರುತ್ತಾ ಸೊನ್ನೆ ಮಾಡುತ್ತಾರೆ. ದಪ್ಪ ಸೇರುವ ಕಡೆ ಸುತ್ತಿಗೆಯಲ್ಲಿ ನಾಲ್ಕು ಏಟು, ಆಮೇಲೆ ದೊಡ್ಡ ಸೂಜಿ. ಎರಡು ಇಂಚಿನವರೆಗೆ ತಕರಾರಿಲ್ಲ. ಅದಕ್ಕಿಂತ ಹೆಚ್ಚು ಹಿಡಿದರೆ ಹಿಂದಿನ ಎರಡು ಜೇಬುಗಳು ಹತ್ತಿರ ಹತ್ತಿರ ಬಂದು ಕಿವಿಯಲ್ಲಿ ಮಾತಾಡಿಕೊಳ್ಳುವಂತಾಗುತ್ತವೆ. ಆಗ ಮಧ್ಯದಲ್ಲಿ ಒಂದಿಷ್ಟು, ಅಕ್ಕಪಕ್ಕ ಎರಡು ಟಕ್ಸ್ ಅಂತ ಹಂಚುತ್ತಾರೆ. ಕಳೆದ ಸಲ ಹೋದಾಗ, ಹಿಡಿದ ಬಟ್ಟೆಯನ್ನು ಕತ್ತರಿಸಿ ತೆಗೆದುಬಿಡಿ, ಒಳಗೆ ಗಂಟು ಗಂಟಾಗಿ ಒತ್ತುತ್ತದೆ ಎಂದೆ. ಸಾಬರು ಕನ್ನಡಕದ ಮೇಲಿಂದ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

‘ಬೇಡಮ್ಮಾ, ಇರ್ಲಿ. ನಾಳೆ ನಡು ದಪ್ಪ ಆದ್ರೆ ಬಿಚ್ಕೊಡ್ತೀನಿ. ಅದಕ್ಕೆ ಬೇರೆ ದುಡ್ಡು.’